ಅಂತೆ

ಬಂದರಿನ ದಕ್ಕೆಯಿಂದ ಎಂಟೂ ಹತ್ತರ ಫೆರಿ.
ಐಸಿನ ಪುಡಿ ಕರಗಿ ಜಾರುವ ಹಲಗೆ ದಾಟಿ
ಚಪ್ಪಲಿ ಕೈಯಲ್ಲಿ, ವ್ಯಾಕರಣ ಚೀಲದಲ್ಲಿ
ಬೆಂಗ್ರೆಯ ಶಾಲೆಗೆ ಬಂದಿಳಿದೆ.
ಇವತ್ತು ಒಂಬತ್ತನೆಯವರಿಗೆ ಉಪಮಾಲಂಕಾರ.

ಕಪ್ಪು ಹಲಗೆಯಲ್ಲಿ ನಾಲ್ಕು ಮನೆ ಎಳೆದೆ:
ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ.
ಉದಾಹರಣೆ, ನನಗೆ ನನ್ನ ಟೀಚರು ಕೊಟ್ಟದ್ದು,
ಅವರಿಗೆ ಅವರ ಟೀಚರು:
ಅವಳ ಮುಖ ಚಂದ್ರನಂತೆ.

ಹಿಂದಿನ ಬೆಂಚಿನಲ್ಲಿ ಮಿಸ್ರಿಯಾ ಎದ್ದಳು,
ಪ್ರಶ್ನೆಗೆ ಮೊದಲು ಪೆನ್ನಿನ ಮುಚ್ಚಳ ಹಾಕುವವಳು.
"ಟೀಚರ್, ಇದು ಹೋಲಿಕೆಯಾ, ಸುದ್ದಿಯಾ?"
"ಯಾವುದು?"
"ಅಂತೆ. ಬೆಂಗ್ರೆಗೆ ಸೇತುವೆ ಬರ್ತದಂತೆ ಅಂತಾರಲ್ಲ,
ಆ ಅಂತೆಯಾ?
ಅವಳ ಮುಖ ಚಂದ್ರ ಅಂತೆ. ಹೇಳಿದ್ದು ಯಾರಂತೆ?"

ತರಗತಿ ನಕ್ಕಿತು.
ಹತ್ತೊಂಬತ್ತು ವರ್ಷ ಈ ಪದದಡಿ ಕೆಂಪು ಗೆರೆ ಎಳೆದಿದ್ದೇನೆ.
ಒಮ್ಮೆಯೂ ಅದು ತಲೆಯೆತ್ತಿ ನನ್ನನ್ನು ನೋಡಿರಲಿಲ್ಲ.

ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ, ಕೇಳಿದೆ.
"ಲೆಕ" ಅಂದ ಚರಣ್ ತಿಂಗಳಾಯ,
ಮನೆತನದಲ್ಲೇ ತಿಂಗಳಿದ್ದವನು, ಚಂದ್ರನ ಹಂಗಿಲ್ಲದವನು.
ತುಳುವಿನ ಲೆಕ ನನ್ನ ಕಿವಿಗೆ ಲೆಕ್ಕ:
ಬುಟ್ಟಿಯ ಭಾರ ಕಳೆದು
ಮೀನೆಷ್ಟು ಎಂದು ತೂಗುವ ಕೆಲಸ.
ಬಾಗಿಲಲ್ಲಿ ಸೌಟು ಹಿಡಿದು ನಿಂತ ಬಿಸಿಯೂಟದ ಸೆವ್ರಿನ್ ಬಾಯಿ
ಕೇಳದೆಯೇ ಹೇಳಿದಳು, "ನಮ್ಮದರಲ್ಲಿ ಬರಿ."
ಬರಿ? ಬರೀ ಹೋಲಿಕೆ, ಅಷ್ಟೇ?
ಅಥವಾ ಮಾತು ಸಾಕು, ಕೂತು ಬರಿ?
ಮಿಸ್ರಿಯಾ ತುಸು ತಡೆದು "ಪೋಲೆ" ಅಂದಳು.
ಪೋಲು ಎಂದು ಕೇಳಿತು ನನಗೆ.
ಎಷ್ಟು ಚಂದ್ರರನ್ನು ಪೋಲು ಮಾಡಿದೆವು, ದೇವರೇ.

ಹಲಗೆ ಒರೆಸಿದೆ. ಚಂದ್ರ ಬೇಡ, ಕಮಲ ಬೇಡ.
ಒಬ್ಬರು ಹೋಲಿಸಿ,
ಅದು ಎಲ್ಲಿ ಮುರಿಯುತ್ತದೆಂದು ಪಕ್ಕದವರು ಹೇಳಿ.

"ಬೋಟಿನಿಂದ ಬಂದ ಅಪ್ಪ ಮಡಚದ ಬಲೆಯಂತೆ ಮಲಗ್ತಾರೆ."
"ಬಲೆ ಗೊರಕೆ ಹೊಡಿಯುದಿಲ್ಲ."
"ಬಲೆಯನ್ನು ಎಬ್ಬಿಸಲಿಕ್ಕೆ ಹೆದರಿಕೆಯೂ ಇಲ್ಲ,"
ಮೂರನೆಯದೊಂದು ದನಿ, ಮೆಲ್ಲಗೆ.

"ಗಣಿತದ ಸರ್ ಏಡಿಯಂತೆ."
"ಏಡಿ ಅಡ್ಡ ಹೋಗ್ತದೆ. ಸರ್ ಸೀದಾ ನಮ್ಮ ಬೆಂಚಿಗೇ ಬರ್ತಾರೆ."

ನಗು ಇಳಿಯಲು ಬಿಟ್ಟು ಮಿಸ್ರಿಯಾ ಓದಿದಳು:
"ಉಪಮೆ ನಮ್ಮ ಫೆರಿಯಂತೆ.
ಜನ ಆಚೆ ಈಚೆ ಹೋದರೂ
ದಡ ಎರಡೂ ಇದ್ದಲ್ಲೇ ಇರ್ತವೆ."
ಹಾಗಾದರೆ ರೂಪಕ?
"ಅದು ಹೊಳೆಗೆ ಮಣ್ಣು ತುಂಬಿದ್ದು, ಟೀಚರ್.
ನಡೆಯಬಹುದು. ಹೊಳೆ ಇಲ್ಲ."

ಎಲ್ಲಿ ಮುರಿಯುತ್ತದೆ? ಪಕ್ಕದವಳು ಉಗುರು ಕಚ್ಚಿದಳು.
ಕಿಟಕಿಯಾಚೆ ಯಾರೋ ಒಣಮೀನು ಮಗುಚುತ್ತಿದ್ದರು.
ಕೊನೆಗೆ ಅವಳೇ ತನ್ನ ಸಾಲನ್ನು ಓರೆಯಾಗಿ ನೋಡಿ
ಕತ್ತರಿಸಿದಳು:
"ಫೆರಿಗೆ ರಾತ್ರಿ ರಜೆ.
ಅಂತೆ ರಾತ್ರಿಯೂ ಓಡ್ತದೆ."

ಎಷ್ಟು ಅಂಕ ಕೊಡಲಿ ಇದಕ್ಕೆ?
ಉತ್ತರದ ಪಟ್ಟಿಯಲ್ಲಿ ಕಮಲ ಅರಳಿಕೊಂಡೇ ಇತ್ತು.

ಸಂಜೆ ಹಿಂತಿರುಗುವಾಗ ಅಳಿವೆಯ ಕಡೆ ಕಣ್ಣು ಹೋಯಿತು.
ಎರಡು ಹೊಳೆ ಪಕ್ಕಪಕ್ಕ ಬಂದು ಕಡಲಿಗೆ ಸೇರುವ ಜಾಗ.
ಇದು ನೇತ್ರಾವತಿ, ಅದು ಫಲ್ಗುಣಿ,
ಎಂದು ಬೆರಳು ತೋರಿಸಬಹುದು, ಒಂದಷ್ಟು ದೂರದವರೆಗೆ.
ಆಮೇಲೆ ಬೆರಳು ಸುಮ್ಮನೆ ಗಾಳಿಯಲ್ಲಿ.

ಹಂಚಿನ ಕಾರ್ಖಾನೆಯ ಸತ್ತ ಚಿಮಣಿಯ ಮೇಲೆ
ಹಗಲಿನ ಚಂದ್ರ, ಒಂದು ಬದಿ ಸವೆದು.
ದಕ್ಕೆ ಬರುವವರೆಗೂ ನೋಡಿದೆ,
ಯಾರ ಮುಖವನ್ನೂ ಅದಕ್ಕೆ ಅಂಟಿಸದೆ.
ಸುಲಭವಿರಲಿಲ್ಲ. ಎರಡು ಸಲ ಅಮ್ಮನ ಹಣೆ ಬಂತು,
ಒಮ್ಮೆ, ಯಾಕೋ, ಅರ್ಧ ತಿಂದ ನೀರುದೋಸೆ.

ಟಿಕೇಟಿನವನು ಕೇಳಿದ:
"ಟೀಚರಿಗೆ ವರ್ಗವಂತೆ, ಹೌದಾ?"
"ಎಲ್ಲಿಗಂತೆ?" ಅಂದೆ.
ಅವನು ಚಿಲ್ಲರೆ ಎಣಿಸಿ
ನನ್ನ ಅಂಗೈಯಲ್ಲಿಟ್ಟ.